ಕಲ್ಲು ಕೊರೆಯೋ ಕೋರ್ ಡ್ರಿಲ್ ಮತ್ತೆ ಓರಿಯೆಂಟಿಂಗ್ ಸ್ಟೇಜ್: ಎರಡು ಸೀಸನ್ ಬಳಸಿದ ಮೇಲೆ ನನ್ನ ರಿವ್ಯೂ

ಈ ಸೆಟ್ ತಗೊಂಡು ಎರಡು ಫೀಲ್ಡ್ ಸೀಸನ್ ಆಯ್ತು, ಇನ್ನೂರು ಚಿಲ್ಲರೆ ಕೋರ್ (ಬಂಡೆಯಿಂದ ಕೊರೆದು ತೆಗೆಯೋ ಉರುಳೆ ಆಕಾರದ ಕಲ್ಲಿನ ತುಂಡು) ತೆಗೆದಿದೀವಿ, ಈಗ ಬರೀಬಹುದು ಅನ್ನಿಸ್ತು. ತಗೊಂಡ ವಾರಕ್ಕೇ ಬರೆದಿದ್ರೆ ಐದಕ್ಕೆ ಐದು ಸ್ಟಾರ್ ಕೊಟ್ಬಿಡ್ತಿದ್ದೆ, ಅದನ್ನ ನಂಬಿ ಬೇರೆ ಯಾರಾದ್ರೂ ಹೋಗಿ ಹಾಗೇ ತಗೊಂಡಿದ್ರೆ ಅವರ ಒಂದು ವರ್ಷದ ಕೆಲಸ ಹಾಳಾಗೋ ಚಾನ್ಸ್ ಇತ್ತು. ಯಾಕೆ ಅಂತ ಕೆಳಗೆ ಬರುತ್ತೆ, ಅದೇ ಈ ರಿವ್ಯೂನ ಮುಖ್ಯ ವಿಷಯ, ಸ್ವಲ್ಪ ಉದ್ದ ಆಗುತ್ತೆ ಓದಿ.

ಸೆಟ್ ಅಂದ್ರೆ ಏನೇನು: ಚೈನ್‌ಸಾ ಇಂಜಿನ್‌ಗೆ ಗರಗಸ ತೆಗೆದು ಆ ಜಾಗಕ್ಕೆ ಡೈಮಂಡ್ ಬಿಟ್ ಕೂರಿಸಿರೋ ಡ್ರಿಲ್, ನೀರು ಹಾಯಿಸೋಕೆ ಒಂದು ಪಂಪ್, ಆಮೇಲೆ ಕೊರೆದ ಕಲ್ಲು ಯಾವ ದಿಕ್ಕಿಗಿತ್ತು, ಎಷ್ಟು ಓರೆ ಇತ್ತು ಅಂತ ಅಳೆಯೋ ಓರಿಯೆಂಟಿಂಗ್ ಸ್ಟೇಜ್. ಇದು ಅಂಗಡೀಲಿ ಡಬ್ಬದಲ್ಲಿ ರೆಡಿ ಸಿಗೋ ಐಟಂ ಅಲ್ಲ. ವಿದೇಶದಿಂದ ತರಿಸೋಕೆ ನಮ್ಮಂಥೋರ ಕೈಲಿ ಆಗಲ್ಲ, ಅದಕ್ಕೆ ನಾವು ಮೂರು ಜನ ದುಡ್ಡು ಹಾಕಿ ಒಂದು ಲೇತ್ ವರ್ಕ್‌ಶಾಪ್‌ನಲ್ಲಿ ಮಾಡಿಸಿದ್ವಿ. ವರ್ಕ್‌ಶಾಪ್ ಹೆಸರು ಬೇಡ, ತಪ್ಪು ಗೊತ್ತಾದ ಮೇಲೆ ಅವರು ಸರಿ ಮಾಡಿಕೊಟ್ರು ಕೂಡ.

ಜಿಯಾಲಜಿ ಗೊತ್ತಿಲ್ದೇ ಇರೋರು ಓದ್ತಿದ್ರೆ ಇದ್ಯಾಕೆ ಬೇಕು ಅಂತ ಮೊದಲು ಹೇಳ್ತೀನಿ. ಲಾವಾ ಆರೋವಾಗ ಅದರೊಳಗೆ ಮ್ಯಾಗ್ನೆಟೈಟ್ ಅಂತ ಒಂದು ಖನಿಜ ಇರುತ್ತೆ, ಬಿಸಿ 580 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಬಂದಂಗೆ ಆ ಕಣಗಳು ಆವತ್ತಿನ ಭೂಮಿಯ ಕಾಂತಕ್ಷೇತ್ರದ ದಿಕ್ಕನ್ನ ಹಿಡ್ಕೊಂಡು ಕೂತ್ಬಿಡ್ತವೆ. ಕೋಟ್ಯಂತರ ವರ್ಷ ಆದ್ರೂ ಬಿಡಲ್ಲ. ಕಲ್ಲೊಳಗಿನ ಆ ದಿಕ್ಕು ನೆಲಕ್ಕೆ ಎಷ್ಟು ಓರೆಯಾಗಿದೆ ಅನ್ನೋದ್ರಿಂದ ಆ ಕಲ್ಲು ಹುಟ್ಟಿದಾಗ ಸಮಭಾಜಕದಿಂದ ಎಷ್ಟು ದೂರ ಇತ್ತು ಅಂತ ಸಿಗುತ್ತೆ, ಉತ್ತರದಿಂದ ಎಷ್ಟು ಪಕ್ಕಕ್ಕೆ ತಿರುಗಿದೆ ಅನ್ನೋದ್ರಿಂದ ಆ ಭೂಭಾಗ ಆಮೇಲೆ ಎಷ್ಟು ಗಿರಕಿ ಹೊಡೀತು ಅಂತ ಸಿಗುತ್ತೆ. ಎರಡನೇದಕ್ಕೆ ನನಗೆ ತುಂಬ ಇಷ್ಟವಾದ ಕೇಸ್ ಕ್ಯಾಲಿಫೋರ್ನಿಯಾದ ಟ್ರಾನ್ಸ್‌ವರ್ಸ್ ರೇಂಜಸ್ ಬೆಟ್ಟಗಳು. ಅಕ್ಕಪಕ್ಕದ ಬೆಟ್ಟಸಾಲೆಲ್ಲ ವಾಯವ್ಯದಿಂದ ಆಗ್ನೇಯಕ್ಕೆ ಮಲಗಿದ್ರೆ ಇದೊಂದು ಪೂರ್ವ ಪಶ್ಚಿಮ ಅಡ್ಡ ಮಲಗಿದೆ. 1979, 80ರ ಹೊತ್ತಿಗೆ ಕಮರ್ಲಿಂಗ್, ಲುಯೆಂಡೈಕ್ ಅನ್ನೋ ಭೂವಿಜ್ಞಾನಿಗಳು ಅಲ್ಲಿನ ಜ್ವಾಲಾಮುಖಿ ಕಲ್ಲುಗಳನ್ನ ಅಳೆದು ನೋಡಿದ್ರೆ ಒಳಗಿನ ಕಾಂತದ ದಿಕ್ಕು ಗಡಿಯಾರದ ಮುಳ್ಳಿನ ಕಡೆಗೆ ಸುಮಾರು 90 ಡಿಗ್ರಿ ತಿರುಗಿತ್ತು, ಅಂದ್ರೆ ಇಡೀ ಬೆಟ್ಟಸಾಲೇ ಬಾಗಿಲು ತೆರೆದಂಗೆ ತಿರುಗಿದೆ, ಅದೂ ಭೂಮಿ ಲೆಕ್ಕದಲ್ಲಿ ಮೊನ್ನೆ ಮೊನ್ನೆ, ಎರಡು ಕೋಟಿ ವರ್ಷದೊಳಗೆ.

ಇದಕ್ಕೆಲ್ಲ ಆಧಾರ ಹೆಬ್ಬೆರಳು ಗಾತ್ರದ ಕಲ್ಲಿನ ತುಂಡು, ಅದರ ಮೇಲೆ ಒಂದು ಗೀಟು. ಬಂಡೆಯಿಂದ ಬಿಡಿಸೋ ಮೊದಲು ಅದು ಹೆಂಗೆ ಕೂತಿತ್ತು ಅಂತ ಆ ಗೀಟು ಹೇಳ್ಬೇಕು, ಗೀಟು ತಪ್ಪಿದ್ರೆ ತುಂಡನ್ನ ಬಿಸಾಕೋದೇ.

ಈಗ ಡ್ರಿಲ್. ಟೂ ಸ್ಟ್ರೋಕ್ ಇಂಜಿನ್, ಪೆಟ್ರೋಲ್‌ಗೆ ಟೂಟಿ ಆಯಿಲ್ ಬೆರೆಸಿ ಹಾಕ್ಬೇಕು. ಬಿಟ್‌ನ ಒಳ ಅಳತೆ 2.5 ಸೆಂಟಿಮೀಟರ್, ಲ್ಯಾಬ್ ಮೆಷಿನ್‌ಗಳ ಹೋಲ್ಡರ್ ಅದೇ ಅಳತೆಗೆ ಇರೋದು, ಹಾಗಾಗಿ ಇದರಲ್ಲಿ ರಾಜಿ ಬೇಡ. ಏಳೆಂಟು ಸೆಂಟಿಮೀಟರ್ ಆಳ ಹೋದ್ರೆ ಸಾಕು, ಆಮೇಲೆ ಅದನ್ನ 2.2 ಸೆಂಟಿಮೀಟರ್ ಎತ್ತರದ ಬಿಲ್ಲೆಗಳಾಗಿ ಕುಯ್ದರೆ ಎರಡೋ ಮೂರೋ ಸ್ಪೆಸಿಮನ್ ಸಿಗ್ತವೆ. ಬೆಳಗಾವಿ ಕಡೆ ಬಸಾಲ್ಟ್‌ನಲ್ಲಿ ಒಂದು ತೂತಿಗೆ ಐದು ನಿಮಿಷ, ಕನಕಪುರ ಕಡೆ ಕರಿಕಲ್ಲಲ್ಲಿ ಹತ್ತು ನಿಮಿಷ ಹಿಡೀತು. ಸ್ಟಾರ್ಟಿಂಗ್ ಚೆನ್ನಾಗಿದೆ, ಬೆಳಿಗ್ಗೆ ಚೋಕ್ ಎಳೆದು ಮೂರ್ನಾಲ್ಕು ಸಲ ಹಗ್ಗ ಜಗ್ಗಿದ್ರೆ ಹಿಡಿಯುತ್ತೆ. ತೂಕ ಮಾತ್ರ ಇದೆ, ಎದೆ ಎತ್ತರಕ್ಕೆ ಹಿಡಿದು ಅಡ್ಡ ಕೊರೀಬೇಕಾದ್ರೆ ಇಬ್ಬರು ಬೇಕೇ ಬೇಕು, ಒಬ್ಬರೇ ಮಾಡೋಕೆ ಹೋದ್ರೆ ಬಿಟ್ ಅಲ್ಲಾಡಿ ಕೋರ್ ಒಳಗೇ ಮುರಿಯುತ್ತೆ. ಕಿವಿಗೆ ಮಫ್ ಹಾಕ್ಕೊಳ್ಳಿ, ನಮ್ಮ ಜೊತೆ ಇದ್ದ ಹುಡುಗನಿಗೆ ಮೊದಲ ದಿನ ಹಾಕ್ಕೊಳ್ದೆ ರಾತ್ರಿಯೆಲ್ಲ ಕಿವಿ ಗುಯ್ ಅಂತಿತ್ತು.

ಬಿಟ್ ವಿಷಯದಲ್ಲಿ ಒಂದು ಮಾತು, ಇಂಜಿನ್‌ಗಿಂತ ಬಿಟ್‌ಗೇ ಜಾಸ್ತಿ ದುಡ್ಡು ಹೋಗುತ್ತೆ, ಮೊದಲೇ ಲೆಕ್ಕ ಹಾಕ್ಕೊಂಡಿರಿ. ಅಗ್ಗದ ಬಿಟ್ ಒಂದು ತಂದಿದ್ವಿ, ಗೋಡೆ ಕೊರೆಯೋಕೆ ಮಾಡಿದ್ದು, ಕರಿಕಲ್ಲಿಗೆ ಹಿಡಿದ್ರೆ ಆರನೇ ತೂತಿಗೆ ಅದರ ಹಲ್ಲು ನುಣ್ಣಗಾಗಿತ್ತು.

ನೀರಿನ ಪಂಪ್‌ಗೆ ಪೂರ್ತಿ ಮಾರ್ಕ್ಸ್. ವರ್ಕ್‌ಶಾಪ್‌ನೋರು ಬೇರೇನೋ ಸ್ಟೀಲ್ ಟ್ಯಾಂಕ್ ಮಾಡಿಕೊಡ್ತೀನಿ ಅಂದ್ರು, ನಾವು ಬೇಡ ಅಂತ ಹೊಲಕ್ಕೆ ಔಷಧಿ ಹೊಡೆಯೋ ಕೈ ಪಂಪ್‌ನೇ ತಗೊಂಡು ಅದರ ಪೈಪನ್ನ ಡ್ರಿಲ್‌ಗೆ ಸಿಗಿಸಿದ್ವಿ. ಕೆಟ್ಟರೆ ಯಾವ ಹಳ್ಳಿ ಸಂತೇಲಾದ್ರೂ ವಾಷರ್ ಸಿಗುತ್ತೆ. ನೀರು ನಿಲ್ಲಬಾರದು, ನಿಂತ್ರೆ ಬಿಟ್ ಕಾದು ಹೋಗುತ್ತೆ, ಕೊರೆದ ಪುಡಿ ಹೊರಗೆ ಬರದೆ ಕೋರ್ ಕಚ್ಕೊಳ್ಳುತ್ತೆ. ತೂತಿನ ಬಾಯಿಂದ ಬೂದು ಬಣ್ಣದ ಹಾಲಿನ ಥರ ಹರೀತಾ ಇದ್ರೆ ಎಲ್ಲ ಸರಿ ಇದೆ ಅಂತ. ಕನಕಪುರದ ಹತ್ರ ಒಬ್ಬರು ರೈತರು ಸದ್ದು ಕೇಳಿ ಬಂದು "ಏನ್ ಸಾ, ಬೋರ್ ಹಾಕ್ತಿದೀರಾ, ಬಂಡೆ ಮ್ಯಾಲೆ ನೀರ್ ಬತ್ತದಾ?" ಅಂದ್ರು. ಇಲ್ಲ ಯಜಮಾನ್ರೆ, ಕಲ್ಲಿನ ಪರೀಕ್ಷೆಗೆ ಅಂತ ವಿವರಿಸಿದ್ವಿ, ಪೂರ್ತಿ ಕೇಳಿಸ್ಕೊಂಡು ಅವರೇ ಎರಡು ಕೊಡ ನೀರು ತುಂಬಿಸಿಕೊಟ್ಟು "ಈ ಕರೀಕಲ್ ಸಾಲು ಎಲ್ ಓಯ್ತದೋ ಅದ್ರ ಮಗ್ಗುಲಲ್ ನೀರ್ ನಿಂತದೆ, ನಮ್ಮಪ್ಪ ಬಾವಿ ತೆಗ್ಸಿದ್ದೂ ಅಲ್ಲೇಯ" ಅಂದ್ರು. ಅವರ ಮಾತು ಸರಿಯಾಗೇ ಇದೆ, ಡೈಕ್ ಅಂದ್ರೆ ಹಳೇ ಬಂಡೆ ಸೀಳಿನೊಳಗೆ ನುಗ್ಗಿ ಗೋಡೆ ಥರ ನಿಂತ ಕಲ್ಲು, ಎಷ್ಟೋ ಕಡೆ ಅಂತರ್ಜಲಕ್ಕೆ ಅದೇ ತಡೆಗೋಡೆ. ಮ್ಯಾಪ್‌ನಲ್ಲಿ ಕಾಣದೇ ಇದ್ದ ಡೈಕ್‌ನ ಇನ್ನೊಂದು ತುದಿ ಎಲ್ಲಿದೆ ಅಂತ ತೋರಿಸಿದ್ದೂ ಅವರೇ.

ಈಗ ಸ್ಟೇಜ್‌ಗೆ ಬರ್ತೀನಿ. ಇದು ಒಂದು ಕಡೆ ಉದ್ದಕ್ಕೆ ಸೀಳು ಬಿಟ್ಟಿರೋ ಟ್ಯೂಬ್, ಮೇಲೆ ಒಂದು ಚಿಕ್ಕ ತಟ್ಟೆ. ಕೋರ್ ಇನ್ನೂ ಬುಡದಲ್ಲಿ ಬಂಡೆಗೆ ಅಂಟಿಕೊಂಡಿರೋವಾಗಲೇ ಟ್ಯೂಬನ್ನ ಅದರ ಸುತ್ತ ಇಳಿಸ್ಬೇಕು, ತಟ್ಟೆ ಮೇಲಿನ ಕಂಪಾಸ್‌ನಿಂದ ದಿಕ್ಕು, ಪಕ್ಕದ ಮಾಪಕದಿಂದ ಓರೆ ಬರ್ಕೊಬೇಕು, ಸೀಳಿನೊಳಗೆ ಹಿತ್ತಾಳೆ ತಂತಿ ಬಿಟ್ಟು ಕೋರ್ ಮೇಲೆ ಗೀಟು ಎಳೀಬೇಕು. ಆಮೇಲೇ ಉಳಿ ಹಾಕಿ ಮುರಿಯೋದು. ಎಲ್ಲವೂ ಹಿತ್ತಾಳೆ ಅಥವಾ ಅಲ್ಯೂಮಿನಿಯಂ ಆಗಿರ್ಬೇಕು, ಉಳಿ ಕೂಡ, ಕಬ್ಬಿಣ ಅನ್ನೋದು ಹತ್ರ ಸುಳೀಬಾರದು. ವರ್ಕ್‌ಶಾಪ್‌ಗೆ ಇದನ್ನ ಡ್ರಾಯಿಂಗ್ ಮೇಲೆ ಕೆಂಪು ಪೆನ್‌ನಲ್ಲಿ ಬರೆದುಕೊಟ್ಟಿದ್ವಿ.

ಮೊದಲ ಟ್ರಿಪ್ ಬೆಳಗಾವಿ ಜಿಲ್ಲೆಯ ಡೆಕ್ಕನ್ ಲಾವಾ ಪದರಗಳಿಗೆ, ಫೆಬ್ರವರಿ. ಈ ಕಲ್ಲುಗಳ ಇತಿಹಾಸ ದೊಡ್ಡದು. 1950ರ ದಶಕದ ಶುರುವಲ್ಲಿ ಕೇಂಬ್ರಿಡ್ಜ್‌ನಲ್ಲಿ ಟೆಡ್ ಇರ್ವಿಂಗ್ ಅನ್ನೋ ವಿದ್ಯಾರ್ಥಿ, ಖಂಡಗಳು ಚಲಿಸ್ತವೆ ಅನ್ನೋದನ್ನ ಹೆಚ್ಚಿನ ಭೂವಿಜ್ಞಾನಿಗಳು ನಂಬದೇ ಇದ್ದ ಕಾಲದಲ್ಲಿ, ಪರೀಕ್ಷೆ ಮಾಡೋಕೆ ಭಾರತಕ್ಕಿಂತ ಒಳ್ಳೇ ಜಾಗ ಇಲ್ಲ ಅಂತ ಡೆಕ್ಕನ್ ಕಲ್ಲು ತರಿಸಿಕೊಂಡು ಅಳೆದ್ರು. ಆಮೇಲೆ ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯೋರೂ ಈ ಕೆಲಸ ಹಿಡಿದ್ರು. ಡೆಕ್ಕನ್ ಕಲ್ಲಿನೊಳಗಿನ ಕಾಂತ 45ರಿಂದ 50 ಡಿಗ್ರಿ ಓರೆ ಇರುತ್ತೆ, ಕೆಲವು ಪದರದಲ್ಲಿ ಮೇಲ್ಮುಖ, ಕೆಲವು ಪದರದಲ್ಲಿ ಉಲ್ಟಾ ಕೆಳಮುಖ, ಯಾಕಂದ್ರೆ ಲಾವಾ ಹರೀತಿದ್ದ ಕಾಲದಲ್ಲೇ ಭೂಮಿಯ ಉತ್ತರ ದಕ್ಷಿಣ ಕಾಂತ ಧ್ರುವಗಳು ಅದಲು ಬದಲಾದವು. ಲೆಕ್ಕ ಹೈಸ್ಕೂಲ್ ಮಕ್ಕಳೂ ಮಾಡ್ಬಹುದು: ಓರೆಯ ಟ್ಯಾಂಜೆಂಟ್ ಅಂದ್ರೆ ಅಕ್ಷಾಂಶದ ಟ್ಯಾಂಜೆಂಟ್‌ನ ಎರಡರಷ್ಟು. ಓರೆ 49 ಅಂತಿಟ್ಕೊಳ್ಳಿ, ಅಕ್ಷಾಂಶ 30 ಬರುತ್ತೆ, ಉತ್ತರಕ್ಕೆ ನೋಡೋ ಕಾಂತ ಮೇಲ್ಮುಖ ಇರೋದ್ರಿಂದ ಅದು ದಕ್ಷಿಣ ಗೋಳಾರ್ಧದಲ್ಲಿ. ಬೆಳಗಾವಿ ಈಗ ಇರೋದು ಸುಮಾರು 16 ಡಿಗ್ರಿ ಉತ್ತರದಲ್ಲಿ. ಅಂದ್ರೆ 46 ಡಿಗ್ರಿ, ಡಿಗ್ರಿಗೆ 111 ಕಿಲೋಮೀಟರ್ ಹಿಡಿದ್ರೆ ಸುಮಾರು 5,100 ಕಿಲೋಮೀಟರ್ ಉತ್ತರಕ್ಕೆ ಬಂದಿದೀವಿ, 6.6 ಕೋಟಿ ವರ್ಷದಲ್ಲಿ, ವರ್ಷಕ್ಕೆ ಸರಾಸರಿ ಏಳೂವರೆ ಸೆಂಟಿಮೀಟರ್ ಮೇಲೆ. ಹೊಲದ ಬದುವಿನಲ್ಲಿ ಕೂತು ಕ್ಯಾಲ್ಕುಲೇಟರ್‌ನಲ್ಲಿ ಇದನ್ನ ಹಾಕಿ ನೋಡಿದಾಗ ನನಗೆ ನಿಜವಾಗ್ಲೂ ಮೈ ಜುಂ ಅಂತು. ಜೊತೆಗೆ ಆ ದಿಕ್ಕು ಉತ್ತರದಿಂದ ಪಶ್ಚಿಮಕ್ಕೆ ಸುಮಾರು 25 ಡಿಗ್ರಿ ವಾಲಿದೆ, ಅಂದ್ರೆ ಭಾರತ ಬರ್ತಾ ಬರ್ತಾ ಗಡಿಯಾರಕ್ಕೆ ಉಲ್ಟಾ ತಿರುಗಿಕೊಂಡೂ ಬಂದಿದೆ.

ಸರಿ, ಎರಡು ದಿನ ಕೊರೆದ್ವಿ. ಪ್ರತಿ ಸೈಟ್‌ನಲ್ಲಿ ಒಂದು ಕೋರ್‌ಗಾದ್ರೂ ಸೂರ್ಯ ಕಂಪಾಸ್ ಹಾಕೋದು ನಿಯಮ, ಅದೇ ನಮ್ಮನ್ನ ಉಳಿಸಿದ್ದು. ತಟ್ಟೆ ಮಧ್ಯ ತೆಳುವಾದ ಕಡ್ಡಿ ನೆಟ್ಟು ಅದರ ನೆರಳು ಎಷ್ಟು ಡಿಗ್ರಿ ಮೇಲೆ ಬಿತ್ತು ಅಂತ ಟೈಮ್ ಸಮೇತ ಬರ್ಕೊಂಡ್ರೆ ಆ ಜಾಗಕ್ಕೆ ಆ ಹೊತ್ತಿಗೆ ಸೂರ್ಯ ಎಲ್ಲಿರ್ಬೇಕು ಅನ್ನೋ ಲೆಕ್ಕದಿಂದ ನಿಜವಾದ ಉತ್ತರ ಸಿಗುತ್ತೆ, ಕಂಪಾಸ್ ಸೂಜಿಯ ಹಂಗೇ ಬೇಡ. ಸಂಜೆ ರೂಮಲ್ಲಿ ಕೂತು ಲೆಕ್ಕ ಹಾಕಿದ್ರೆ ಸೂರ್ಯನಿಗೂ ಸೂಜಿಗೂ ಏಳು ಡಿಗ್ರಿ ವ್ಯತ್ಯಾಸ. ನಮ್ಮ ಕಡೆ ಸೂಜಿ ಮತ್ತೆ ನಿಜವಾದ ಉತ್ತರದ ನಡುವೆ ಒಂದೆರಡು ಡಿಗ್ರಿ ಒಳಗೇ ಇರ್ಬೇಕು. ಮೊದಲು ಕೈಗಡಿಯಾರದ ಮೇಲೆ ಅನುಮಾನ ಪಟ್ವಿ. ನಮ್ಮ ಸ್ಟ್ಯಾಂಡರ್ಡ್ ಟೈಮ್ 82.5 ಡಿಗ್ರಿ ರೇಖಾಂಶದ್ದು, ಬೆಳಗಾವಿ 74.5ರ ಹತ್ರ, ಆ ಎಂಟು ಡಿಗ್ರಿಗೆ ಅಲ್ಲಿ ಸೂರ್ಯ 32 ನಿಮಿಷ ತಡ, ಅದನ್ನ ಎಲ್ಲಾದ್ರೂ ಮರೆತ್ವಾ ಅಂತ ನೋಡಿದ್ವಿ, ಮರೆತಿರ್ಲಿಲ್ಲ. ಆಮೇಲೆ ಕಲ್ಲಿನ ಮೇಲೆ ಅನುಮಾನ, ಬಸಾಲ್ಟ್ ತಾನೇ ಸೂಜೀನ ಎಳೀತಿರ್ಬೇಕು ಅಂತ, ಅದು ಆಗೋ ವಿಷಯವೇ. ಆದ್ರೆ ಮಾರನೇ ದಿನ ಸ್ಟೇಜನ್ನ ಬಂಡೆಯಿಂದ ದೂರ, ಗದ್ದೆ ಮಣ್ಣಿನ ಮೇಲೆ ಮರದ ಸ್ಟೂಲ್ ಮೇಲಿಟ್ಟು ನೋಡಿದ್ರೂ ಅದೇ ಕಥೆ, ಬರೀ ಕಂಪಾಸ್ ಬಿಚ್ಚಿ ಕೈಲಿ ಹಿಡಿದ್ರೆ ಸರಿಯಾಗಿದೆ, ಸ್ಟೇಜ್ ಮೇಲಿಟ್ರೆ ತಪ್ಪು. ಒಂದೊಂದೇ ಸ್ಕ್ರೂ ಬಿಚ್ಚುತ್ತಾ ಬಂದ್ವಿ. ತಟ್ಟೆ ಕೆಳಗಿನ ನಾಲ್ಕರಲ್ಲಿ ಒಂದು ಕಬ್ಬಿಣದ್ದು, ಮೇಲೆ ಹಿತ್ತಾಳೆ ಬಣ್ಣದ ಲೇಪನ.

ಇದು ಕಳೆದುಬಿಡಬಹುದಾದ ತಪ್ಪೂ ಅಲ್ಲ, ಸ್ಟೇಜನ್ನ ಒಂದು ಕಡೆ ತಿರುಗಿಸಿದ್ರೆ ಏಳು ಡಿಗ್ರಿ, ಇನ್ನೊಂದು ಕಡೆ ತಿರುಗಿಸಿದ್ರೆ ಎರಡು, ಪ್ರತಿ ತೂತಿಗೂ ಬೇರೆ ಬೇರೆ. ಪುಣ್ಯಕ್ಕೆ ತೂತುಗಳು ಬಂಡೇಲೇ ಇದ್ದವು, ವಾಪಸ್ ಹೋಗಿ ಒಂದೊಂದಕ್ಕೂ ಸ್ಟೇಜ್ ಇಳಿಸಿ ಹೊಸದಾಗಿ ಅಳೆದ್ವಿ, ಎರಡು ದಿನ ಹೆಚ್ಚಿಗೆ ಹೋಯ್ತು. ಸೂರ್ಯ ಕಂಪಾಸ್ ಹಾಕದೇ ಇದ್ದಿದ್ರೆ ಭಾರತ ತಿರುಗಿದ್ದಕ್ಕೆ ನಮ್ಮದೇ ಒಂದು ಹೊಸ ಲೆಕ್ಕ ಹಿಡ್ಕೊಂಡು ಬರ್ತಿದ್ವಿ, ಅದಕ್ಕೆ ಕಾರಣ ಒಂದು ಸ್ಕ್ರೂ ಅಂತ ಯಾರಿಗೂ ಗೊತ್ತಾಗ್ತಿರ್ಲಿಲ್ಲ. ಟ್ರಾನ್ಸ್‌ವರ್ಸ್ ರೇಂಜಸ್ ಥರ 90 ಡಿಗ್ರಿ ತಿರುಗಿರೋ ಕಡೆ ಏಳು ಡಿಗ್ರಿ ತಪ್ಪು ಮುಚ್ಚಿಹೋಗಬಹುದು, ಸಣ್ಣ ಭೂಭಾಗ ಹತ್ತೋ ಹದಿನೈದೋ ಡಿಗ್ರಿ ತಿರುಗಿರೋ ಕಡೆ ಏಳು ಅಂದ್ರೆ ಅರ್ಧ ಕಥೆಯೇ ಸುಳ್ಳಾದಂಗೆ. ಅದಕ್ಕೆ ಸ್ಟೇಜ್‌ಗೆ ಬಂದಾಗ ಐದಕ್ಕೆ ಎರಡು, ಸ್ಕ್ರೂ ಬದಲಾಯಿಸಿದ ಮೇಲೆ ನಾಲ್ಕು.

ಓರೆ ಅಳೆಯೋ ಮಾಪಕ ಮಾತ್ರ ಮೊದಲಿಂದಲೂ ಚೆನ್ನಾಗಿದೆ, ಅರ್ಧ ಡಿಗ್ರಿವರೆಗೆ ಓದ್ಬಹುದು. ಇದು ಚಿಕ್ಕ ವಿಷಯ ಅನ್ಕೋಬೇಡಿ, ಕಲ್ಲಿನ ಓರೆ 60 ಇರೋದನ್ನ 62 ಅಂತ ಓದಿದ್ರೆ ಅಕ್ಷಾಂಶ 41ರಿಂದ 43ಕ್ಕೆ ಹೋಗುತ್ತೆ, ನೆಲದ ಮೇಲೆ ಇನ್ನೂರೈವತ್ತು ಕಿಲೋಮೀಟರ್.

ಎರಡನೇ ಸೀಸನ್ ಕನಕಪುರ, ಹಾರೋಹಳ್ಳಿ ಕಡೆ ಡೈಕ್‌ಗಳು. ಬೆಂಗಳೂರು ಸುತ್ತ ಪೂರ್ವ ಪಶ್ಚಿಮ ಹೋಗೋ ಡೈಕ್‌ಗಳ ವಯಸ್ಸು ಸುಮಾರು 237 ಕೋಟಿ ವರ್ಷ. ಈಗ ಕಾಂತ ಸಮಭಾಜಕ ಇರೋದು ತಮಿಳುನಾಡಿನ ದಕ್ಷಿಣ ತುದಿಯ ಹತ್ರ, ಹಾಗಾಗಿ ಬೆಂಗಳೂರಲ್ಲಿ ಸೂಜಿ ಹೆಚ್ಚು ಕಮ್ಮಿ ಮಲಗೇ ಇರುತ್ತೆ. ಈ ಡೈಕ್‌ಗಳ ಒಳಗಿನ ಕಾಂತ ಕಡಿದಾಗಿ ನಿಂತಿದೆ. ಅಂದ್ರೆ ಆವತ್ತು ಧಾರವಾಡ ಕ್ರೇಟಾನ್, ನಮ್ಮ ಕರ್ನಾಟಕದ ತಳಪಾಯದ ಕಲ್ಲು, ಧ್ರುವದ ಕಡೆ ಇತ್ತು. ಇಲ್ಲಿ ದಿಕ್ಕಿನ ತಪ್ಪಿಗಿಂತ ಓರೆಯ ತಪ್ಪೇ ಹೆಚ್ಚು ಹೊಡೆತ ಕೊಡೋದು, ಯಾಕಂದ್ರೆ ನೆಟ್ಟಗೆ ನಿಂತ ಕಡ್ಡೀನ ಅದರ ಸುತ್ತ ಎಷ್ಟು ತಿರುಗಿಸಿದ್ರೂ ನೆಟ್ಟಗೇ ಇರುತ್ತೆ. ಈ ಕೆಲಸಕ್ಕೆ ನಮ್ಮ ಸ್ಟೇಜ್ ಹೇಳಿಮಾಡಿಸಿದಂಗಿತ್ತು.

ಡೈಕ್ ಅಂಚಲ್ಲಿ ಇನ್ನೊಂದು ಪರೀಕ್ಷೆ ಮಾಡ್ಲೇಬೇಕು, ಡ್ರಿಲ್ ಚಿಕ್ಕದಾಗಿದ್ರೇ ಇದು ಸಾಧ್ಯ. ಡೈಕ್ ನುಗ್ಗಿದಾಗ ಅಕ್ಕಪಕ್ಕದ ಹಳೇ ಕಲ್ಲು ಸುಟ್ಟು ಅದೂ ಆವತ್ತಿನ ದಿಕ್ಕನ್ನೇ ಹಿಡಿಯುತ್ತೆ, ದೂರದ ಕಲ್ಲು ಹಿಡಿಯಲ್ಲ. ಹಾಗಾಗಿ ಡೈಕ್‌ನಲ್ಲಿ ಕೆಲವು, ಅಂಚಿನ ಹಳೇ ನೈಸ್ (gneiss) ಕಲ್ಲಲ್ಲಿ ಕೆಲವು, ದೂರದಲ್ಲಿ ಕೆಲವು ತೂತು. ಮೊದಲೆರಡು ಒಂದೇ ದಿಕ್ಕು, ಮೂರನೇದು ಬೇರೆ ಬಂದ್ರೆ ಆ ಕಾಂತ ಹುಟ್ಟಿದಾಗಿಂದ ಇರೋದು ಅಂತ ಧೈರ್ಯವಾಗಿ ಹೇಳ್ಬಹುದು. ಕರಿಕಲ್ಲು ಕ್ವಾರಿಗಳಲ್ಲಿ ಹೊಸ ಮುಖ ಸಿಗುತ್ತೆ ಅಂತ ಆಸೆ ಆಗುತ್ತೆ, ಆದ್ರೆ ಸಿಡಿಮದ್ದಿಗೆ ಅಲ್ಲಾಡಿದ ಬ್ಲಾಕ್ ಆಗಿದ್ರೆ ಕೆಲಸಕ್ಕೆ ಬರಲ್ಲ, ಬಂಡೆ ಬುಡಕ್ಕೆ ಅಂಟಿರೋದು ಖಾತ್ರಿ ಆಗ್ಬೇಕು. ಗುಡ್ಡದ ನೆತ್ತಿ ಬೇಡವೇ ಬೇಡ, ಸಿಡಿಲು ಬಿದ್ದ ಕಡೆ ಹಳೇ ಕಾಂತದ ಮೇಲೆ ಹೊಸದು ಕೂತಿರುತ್ತೆ, ಕಂಪಾಸ್ ಹಿಡ್ಕೊಂಡು ನಡೆದ್ರೆ ಹೆಜ್ಜೆಗೊಂದು ಕಡೆ ಸೂಜಿ ತಿರುಗೋದು ಕಾಣುತ್ತೆ.

ಇಷ್ಟೆಲ್ಲ ಸರಿ ಮಾಡಿದ್ರೂ ವಯಸ್ಸು ತಪ್ಪಿದ್ರೆ ಮುಗೀತು. ಹಾರೋಹಳ್ಳಿಯ ಆಲ್ಕಲೈನ್ (ಸೋಡಿಯಂ, ಪೊಟ್ಯಾಸಿಯಂ ಜಾಸ್ತಿ ಇರೋ) ಡೈಕ್‌ಗಳನ್ನ ಮೊದಲು ಸುಮಾರು 82 ಕೋಟಿ ವರ್ಷದವು ಅಂತ ಲೆಕ್ಕ ಹಿಡಿದಿದ್ರು, 2008ರಲ್ಲಿ ಯುರೇನಿಯಂ ಎಷ್ಟು ಸೀಸವಾಗಿದೆ ಅಂತ ಅಳೆದು ವಯಸ್ಸು ಹೇಳೋ ವಿಧಾನದಲ್ಲಿ ನೋಡಿದ್ರೆ 119 ಕೋಟಿ ಬಂತು. ಕಲ್ಲು ಅದೇ, ಒಳಗಿನ ದಿಕ್ಕೂ ಅದೇ, ಆದ್ರೆ ಭಾರತ ಯಾವಾಗ ಎಲ್ಲಿತ್ತು ಅನ್ನೋ ನಕ್ಷೆಯಲ್ಲಿ ಆ ಚುಕ್ಕೆ 37 ಕೋಟಿ ವರ್ಷ ಹಿಂದಕ್ಕೆ ಹೋಯ್ತು. ಅದಕ್ಕೆ ನಾವೀಗ ಪ್ರತಿ ಡೈಕ್‌ನಿಂದ ವಯಸ್ಸು ನೋಡೋಕೆ ಅಂತ ಒಂದು ದೊಡ್ಡ ಚೂರನ್ನ ಸುತ್ತಿಗೇಲಿ ಬೇರೆ ತೆಗೆದು ಇಡ್ತೀವಿ. ಇನ್ನೊಂದು ಮಿತಿ ತಿಳ್ಕೊಂಡಿರಿ, ಈ ವಿಧಾನ ಅಕ್ಷಾಂಶ ಕೊಡುತ್ತೆ, ತಿರುಗಿದ್ದನ್ನ ಕೊಡುತ್ತೆ, ರೇಖಾಂಶ ಕೊಡಲ್ಲ, ಪೂರ್ವ ಪಶ್ಚಿಮ ಎಷ್ಟು ಸರಿದಿದೆ ಅಂತ ಕಲ್ಲಿನ ಕಾಂತ ಒಂದರಿಂದಲೇ ಹೇಳೋಕಾಗಲ್ಲ.

ಬಳಸೋವಾಗ ಗಮನಿಸಿ, ಡ್ರಿಲ್ ಇಂಜಿನ್ ಒಳಗಿನ ಫ್ಲೈವೀಲ್‌ನಲ್ಲಿ ಮ್ಯಾಗ್ನೆಟ್ ಇದೆ, ಕಂಪಾಸ್ ಓದೋ ಮೊದಲು ಡ್ರಿಲ್‌ನ ನಾಲ್ಕೈದು ಮೀಟರ್ ಆಚೆ ಇಡಿ. ಮೊಬೈಲ್, ಬೆಲ್ಟ್ ಬಕಲ್ ಕೂಡ. ಸೂರ್ಯ ಕಂಪಾಸ್‌ಗೆ ಬೆಳಿಗ್ಗೆ ಹತ್ತರೊಳಗೆ ಇಲ್ಲಾ ಮೂರೂವರೆ ಮೇಲೆ ಒಳ್ಳೇದು. ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ನಮ್ಮಲ್ಲಿ ಮಧ್ಯಾಹ್ನ ಸೂರ್ಯ ನೆತ್ತಿ ಮೇಲೇ ಇರ್ತಾನೆ, ಬೆಂಗಳೂರಲ್ಲಿ ಏಪ್ರಿಲ್ 24ರ ಸುಮಾರಿಗೆ ಮತ್ತೆ ಆಗಸ್ಟ್ 18ರ ಸುಮಾರಿಗೆ ಶೂನ್ಯ ನೆರಳಿನ ದಿನ ಬರುತ್ತಲ್ಲ, ಆ ಹೊತ್ತಲ್ಲಿ ಕಡ್ಡಿಗೆ ನೆರಳೇ ಇರಲ್ಲ.

ಒಂದು ಕೋರಿಕೆ. ಈ ಡ್ರಿಲ್ ಕೈಲಿದ್ರೆ ಕಂಡಲ್ಲೆಲ್ಲ ಕೊರೆಯೋ ಆಸೆ ಬರುತ್ತೆ. ಮಲ್ಪೆ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲು, ಲಾಲ್‌ಬಾಗ್ ಬಂಡೆ ಇವೆಲ್ಲ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳು, ಅಲ್ಲಿಗೆ ತಗೊಂಡೇ ಹೋಗ್ಬೇಡಿ. ಸೇಂಟ್ ಮೇರೀಸ್ ಕಲ್ಲಿನ ಕಾಂತವನ್ನ ಆಗಲೇ ಅಳೆದಾಗಿದೆ, ಸುಮಾರು 9 ಕೋಟಿ ವರ್ಷದ ಹಿಂದೆ ಮಡಗಾಸ್ಕರ್ ನಮ್ಮ ಪಶ್ಚಿಮ ಕರಾವಳಿಗೆ ಹೆಂಗೆ ಅಂಟಿತ್ತು ಅಂತ ಜೋಡಿಸೋಕೆ ಅದನ್ನ ಬಳಸಿದಾರೆ, ಪ್ರಕಟ ಆಗಿರೋ ಡೇಟಾ ಓದಿ ಸಾಕು. ಬೇರೆ ಕಡೆ ಜಮೀನಿನೋರನ್ನ ಕೇಳಿ ಕೊರೀರಿ, ಆದ್ಮೇಲೆ ತೂತನ್ನ ಕಲ್ಲಿನ ಪುಡಿ ಸಿಮೆಂಟ್ ಕಲಸಿ ಮುಚ್ಚಿ, ಹತ್ತು ನಿಮಿಷದ ಕೆಲಸ.

ಮಾಡಿಸ್ಕೋಬಹುದಾ ಅಂದ್ರೆ, ವರ್ಷಕ್ಕೆ ಒಂದು ಸಲ ಹತ್ತು ಇಪ್ಪತ್ತು ಕಲ್ಲು ಬೇಕಾದೋರಿಗೆ ಬೇಡ, ಅವರು ಬಂಡೆ ಮೇಲೇ ದಿಕ್ಕು ಗುರುತು ಹಾಕಿ ಚೂರು ಒಡೆದು ತಂದು ಲ್ಯಾಬ್‌ನಲ್ಲಿ ಕೋರ್ ಮಾಡಿಸ್ಬಹುದು. ಒಂದು ಸೈಟ್‌ಗೆ ಆರೆಂಟು ಕೋರ್, ಇಪ್ಪತ್ತು ಮೂವತ್ತು ಸೈಟ್ ಅನ್ನೋರಿಗೆ ಧಾರಾಳವಾಗಿ ಹೇಳ್ತೀನಿ. ಡ್ರಿಲ್‌ಗೆ ನಾಲ್ಕು, ಪಂಪ್‌ಗೆ ಐದು, ಸ್ಟೇಜ್‌ದು ಮೇಲೆ ಹೇಳಿದೀನಿ. ನಾವೇ ಕಡ್ಡಿ ನೆಟ್ಟು ಮಾಡ್ಕೊಂಡ ಸೂರ್ಯ ಕಂಪಾಸ್‌ಗೆ ಖರ್ಚೇ ಇಲ್ಲ, ಇಡೀ ಸೆಟ್‌ನಲ್ಲಿ ನಾನು ಅತಿ ಹೆಚ್ಚು ನಂಬೋದು ಅದನ್ನ.

ಹಿತ್ತಾಳೆ ಸ್ಕ್ರೂ ತರೋಕೆ ಹೋಗೋರು ಜೇಬಲ್ಲಿ ಒಂದು ಚಿಕ್ಕ ಮ್ಯಾಗ್ನೆಟ್ ಇಟ್ಕೊಂಡು ಹೋಗಿ. ಲೇಪನ ಹಾಕಿದ ಕಬ್ಬಿಣದ್ದೂ ಅದೇ ಡಬ್ಬೀಲಿ ಬೆರೆತಿರುತ್ತೆ, ನಾವು ಆರಿಸ್ಕೊಂಡ ಹನ್ನೆರಡರಲ್ಲಿ ಮೂರು ಮ್ಯಾಗ್ನೆಟ್‌ಗೆ ಅಂಟಿದ್ವು.